ಕಾಯ್ದಿರಿಸದ ಕೋಣೆ ರದ್ದಾದ ಬಗ್ಗೆ

ಇಂದ:
ಸಂತಾನ, ಪ್ರೋಗ್ರಾಮರ್ (ಈ ಹೊತ್ತಿನವರೆಗೆ), ಹೋಂಸ್ಟೇ ಬುಕಿಂಗ್ ಆಫೀಸು, ದಾಂಡೇಲಿ.

ಗೆ:
ಶ್ರೀಮತಿ ನೀಲಕ್ಕನವರು, ಸದರಿ ಆಫೀಸಿನ ಯಜಮಾನರಾದ ಬಸಲಿಂಗಯ್ಯನವರ ಧರ್ಮಪತ್ನಿ, ಅವರ ಮನೆ.

ವಿಷಯ: ಯಜಮಾನರು ಯಾವ ಕೋಣೆಯನ್ನೂ ಕಾಯ್ದಿರಿಸಿರಲಿಲ್ಲವೆಂದು ನಂಬುವ ಕುರಿತು.

ಉಲ್ಲೇಖ: ಗುರುವಾರ ಯಜಮಾನರ ಫೋನಿಗೆ ಬಂದ ಹನ್ನೊಂದು ಸಂದೇಶಗಳು ಮತ್ತು ಅಂದು ಸಂಜೆ ತಾವು ಅವರಿಗೆ ಕೇಳಿದ ಮೌಖಿಕ ಪ್ರಶ್ನೆ.

ಮಾನ್ಯ ಅಕ್ಕಾವರೇ,

೧. ಅರ್ಜಿದಾರನು ಆಫೀಸಿಗೆ ಕೋಡ್ ಬರೆಯುತ್ತಾನೆ. ಅದನ್ನು ಯಂತ್ರವು ಜೋಡಿಸಿ ಪರೀಕ್ಷಿಸುವುದಕ್ಕೆ ಬಿಲ್ಡ್ ಎನ್ನುತ್ತಾರೆ. ಬಿಲ್ಡ್ ಮುಗಿದಾಗ ಯಂತ್ರವು ಒಂದು ಸುಳ್ಳು ಸಂದೇಶ ಕಳಿಸಿ ನೋಡುತ್ತದೆ: "ಕೋಗಿಲಬನದ ಹೋಂಸ್ಟೇಯಲ್ಲಿ ನಿಮ್ಮಿಬ್ಬರ ಕೋಣೆ ರದ್ದಾಗಿದೆ." ಯಾರಿಗೆ ಕಳಿಸಬೇಕೆಂಬುದಕ್ಕೆ ಒಂದು ಪ್ಯಾರಾಮೀಟರ್, ಅಂದರೆ ಹೆಸರುಗಳ ಪಟ್ಟಿ ಇದೆ. ಲಗ್ನಪತ್ರಿಕೆಯಲ್ಲಿ ಹಿರಿಯರನ್ನು ಮೇಲೆ ಹಾಕುವಂತೆ ಅರ್ಜಿದಾರನು ಯಜಮಾನರ ಹೆಸರನ್ನು ಮೊದಲು ಹಾಕಿ, ತನ್ನದನ್ನು ಕಟ್ಟಕಡೆಗೆ ಇಟ್ಟನು. ಮರ್ಯಾದೆ ತೋರಿಸಲು ಹೋಗಿ ಕೆಟ್ಟದ್ದು ಇಲ್ಲೇ.

೨. ಕೈಯಿಂದ ಗುಂಡಿ ಒತ್ತಿ ಬಿಲ್ಡ್ ಸುರು ಮಾಡುತ್ತಿದ್ದಷ್ಟು ದಿನ ಯಂತ್ರವು "ಯಾರಿಗೆ" ಎಂದು ಕೇಳುತ್ತಿತ್ತು. ಅರ್ಜಿದಾರನು ತನ್ನ ಹೆಸರನ್ನೇ ಆರಿಸುತ್ತಿದ್ದನು. ಗುರುವಾರ ವೆಬ್‌ಹುಕ್ ಜೋಡಿಸಲಾಯಿತು. ಅದರ ಗುಣವೇನೆಂದರೆ, ಕೋಡ್ ಕಳಿಸಿದ ಕೂಡಲೇ ಬಿಲ್ಡ್ ತಾನಾಗಿಯೇ ಸುರುವಾಗುತ್ತದೆ. ಕೇಳುವ ಮಾತೇ ಇಲ್ಲ, ಪಟ್ಟಿಯ ಮೊದಲ ಹೆಸರನ್ನು ಹಿಡಿದುಬಿಡುತ್ತದೆ. ಅಂದು ಅರ್ಜಿದಾರನು ಹನ್ನೊಂದು ಸಲ ಕೋಡ್ ಕಳಿಸಿದನು. ಯಜಮಾನರು ಫೋನನ್ನು ಮನೆಯಲ್ಲೇ ಮರೆತು ಹಳಿಯಾಳಕ್ಕೆ ಹೋಗಿದ್ದರು.

೩. ಸಂಜೆ ತಾವು "ಎರಡನೇದಾಕಿ ಯಾರ್ರೀ?" ಎಂದು ಕೇಳಿದಿರೆಂದೂ, ಯಜಮಾನರು "ಏನಿಲ್ಲ, ಟೆಸ್ಟಿಂಗ್ ನಡದೈತಿ" ಎಂದು ಉತ್ತರಿಸಿದರೆಂದೂ ತಿಳಿದುಬಂದಿದೆ. ಉತ್ತರ ತಾಂತ್ರಿಕವಾಗಿ ಸರಿ. ಹೆಂಡತಿಯ ಮುಂದೆ ಹೇಳುವಂಥದ್ದಲ್ಲ, ಅಷ್ಟೆ. ಅಂದಿನಿಂದ ಅವರು ಮೂರೂ ಹೊತ್ತು ಬಸ್‌ಸ್ಟ್ಯಾಂಡಿನಲ್ಲಿ ವಡಾಪಾವ್ ತಿನ್ನುತ್ತಿದ್ದಾರೆ.

೪. ಆ ಕಾರಣ ಅವರು ಅರ್ಜಿದಾರನಿಗೆ, "ನಂಬೇನಿ ಅಂತ ಅಕಿ ಸಹಿ ಮಾಡಿದ್ರ ಸೋಮವಾರ ಬಾ. ಇಲ್ಲಾಂದ್ರ ಬರಬ್ಯಾಡ" ಎಂದಿದ್ದಾರೆ. ಇಂಥ ಕೆಲಸ ಅವನಿಗೆ ಊರ ಹತ್ತಿರ ಇನ್ನೊಂದು ಸಿಗುವುದಿಲ್ಲ. ಅರ್ಜಿಯಲ್ಲಿ ಬರೆಯುವ ಪದ್ಧತಿ ಇಲ್ಲದಿದ್ದರೂ ಬರೆಯುತ್ತಿದ್ದಾನೆ: ಅರ್ಜಿದಾರನಿಗೆ ಹೆದರಿಕೆಯಾಗಿದೆ.

೫. ಪಟ್ಟಿಯಲ್ಲಿ ತನ್ನ ಹೆಸರನ್ನೇ ಮೇಲೆ ಹಾಕುವೆನೆಂದು ಅರ್ಜಿದಾರನು ಹೇಳಿದರೆ ಯಜಮಾನರು ಸಿಡಿದೆದ್ದರು. ನೌಕರನ ಹೆಸರು ಮಾಲೀಕನ ತಲೆಯ ಮೇಲೆ ಕೂರುವುದೇ ಎಂದರು. ಹಾಗಾದರೆ ಯಾರ ಹೆಸರು ಕೂರಬಹುದು ಎಂದು ಕೇಳಲಾಯಿತು. ಅವರು ವಡಾಪಾವ್ ಕೆಳಗಿಟ್ಟು, ಸಣ್ಣ ದನಿಯಲ್ಲಿ ಹೇಳಿದರು: "ಅಕಿದೊಂದ ನಡೀತೈತಿ. ಅಕಿ ಹೆಸರ ಹಾಕು."

ಆದ್ದರಿಂದ ತಾವು ಇದರ ಮೇಲೆ ಸಹಿ ಮಾಡಿ, ಯಜಮಾನರಿಗೆ ಊಟವನ್ನೂ ಅರ್ಜಿದಾರನಿಗೆ ಸೋಮವಾರವನ್ನೂ ದಯಪಾಲಿಸಬೇಕಾಗಿ ಪ್ರಾರ್ಥನೆ.

ತಾವು ನಂಬಿದರೆ ವಿಶ್ವಾಸಿ, ನಂಬದಿದ್ದರೂ ವಿಧೇಯ,
ಸಂತಾನ

ಲಗತ್ತುಗಳು:
ಅ) ಹಳೆಯ ಪಟ್ಟಿಯ ಫೋಟೋ.
ಆ) ಕೋಗಿಲಬನದ ಹೋಂಸ್ಟೇ ನಡೆಸುವ ಖತೀಜಾಬಿಯವರ ಪತ್ರ: ಯಜಮಾನರು ಅಲ್ಲಿಗೆ ಬಂದದ್ದು ಒಮ್ಮೆ ಮಾತ್ರ, ಅದೂ ಚಹಾ ಕುಡಿಯಲು, ಒಬ್ಬರೇ.
ಇ) ಹೊಸ ಪಟ್ಟಿ, ತಮ್ಮ ಹೆಸರು ಮೊದಲು.

ವಿ.ಸೂ.: ಲಗತ್ತು (ಇ) ಪ್ರಕಾರ, ಸೋಮವಾರದಿಂದ "ನಿಮ್ಮಿಬ್ಬರ ಕೋಣೆ ರದ್ದಾಗಿದೆ" ಎಂಬ ಸಂದೇಶವು ಯಜಮಾನರ ಆಫೀಸಿನಿಂದ ತಮ್ಮ ಫೋನಿಗೇ ದಿನಕ್ಕೆ ಹತ್ತು ಹನ್ನೊಂದು ಸಲ ಬರುವುದು. ಅದನ್ನು ಓದಿ ತಾವು ತವರಿಗೆ ಹೊರಡಬಾರದಾಗಿ ವಿನಂತಿ.