ಭಟ್ರ ಕೆಮ್ಮು ಮತ್ತು ಜೆಪ್ಪುವಿನ ಕಾಗೆಗಳು

ಬೇರೆಯವರ ಮನೆಯಲ್ಲಿ ಹೆಚ್ಚೆಂದರೆ ಹಾಲು ಉಕ್ಕುತ್ತದೆ. ಮಿಷನ್ ಕಟ್ಟುವವನ ಮನೆಯಲ್ಲಿ ಹಾಗಲ್ಲ, ಏನೂ ಆಗದೆ ಸಂಜೆಯಾದರೆ ಹೆಂಡತಿಗೇ ಹೆದರಿಕೆ.

ನಾನು ಶಾಲೆಯ ಒಳಗೆ ಹೋದದ್ದು ಫ್ಯೂಸ್ ಹಾಕಲಿಕ್ಕೆ ಮಾತ್ರ. ವಯರಿಂಗ್ ಕೆಲಸದಲ್ಲೇ ತಲೆ ಬೆಳ್ಳಗಾಯಿತು. ಜೆಪ್ಪುವಿನಿಂದ ಪಂಪ್‌ವೆಲ್ ತನಕ ನಾನು ಕೈ ಹಾಕದ ಮೀಟರ್ ಬೋರ್ಡ್ ಇಲ್ಲ. ಒಮ್ಮೆ ಕಂಬದಲ್ಲಿ ಕರೆಂಟು ಹೊಡೆದಾಗ ನಾನು ಬೀಳಲಿಲ್ಲ, ಟ್ರಾನ್ಸ್‌ಫಾರ್ಮರ್ ಕೆಟ್ಟಿತು. ನಂಬದವರು ನಂಬುವುದು ಬೇಡ, ಕಂಬ ಈಗಲೂ ಉಂಟು.

ಕೆಲಸ ಬಿಟ್ಟ ಮೇಲೆ ಅಂಗೈಯಗಲದ ಬೋರ್ಡು, ಸೆನ್ಸರು, ಮೋಟಾರು ಅಂತ ಹುಚ್ಚು ಹತ್ತಿತು. ಕೋಡ್ ಸಹ ಬರೆಯುತ್ತೇನೆ. ಇಂಗ್ಲಿಷ್ ಬರುವುದಿಲ್ಲ, ಆದರೆ ಫೋನಿನ ವಿಡಿಯೊ ನಿಲ್ಲಿಸಿ ನಿಲ್ಲಿಸಿ, ಅಕ್ಷರದ ಆಕಾರ ನೋಡಿ ಹಾಗೆಯೇ ಕುಟ್ಟುತ್ತೇನೆ.

ಪಕ್ಕದ ಮನೆ ಭಟ್ರದ್ದು. ದೇವಸ್ಥಾನದ ಅರ್ಚಕರು, ನನ್ನದೇ ಪ್ರಾಯ. ನಮ್ಮ ನಡುವೆ ಸೊಂಟದೆತ್ತರದ ಒಂದು ಕಂಪೌಂಡು ಗೋಡೆ. ಬೆಳಿಗ್ಗೆ ಪೂಜೆ ಮುಗಿಸಿ ಬಂದು, ಕಾಫಿ ಲೋಟ ಗೋಡೆಯ ಮೇಲಿಟ್ಟು ನನ್ನ ಕೆಲಸ ನೋಡುವುದು ಅವರ ಕ್ರಮ. ಅರ್ಥ ಗೊತ್ತಿಲ್ಲದೆ ಬರೆದರೆ ಅದು ಎಂತ ವಿದ್ಯೆ ಅಂತ ಒಮ್ಮೆ ಕೇಳಿದರು. ನೀವು ಪೂಜೆಯಲ್ಲಿ ಹೇಳಿಸುವ ಮಂತ್ರದ ಅರ್ಥ ಪೂಜೆ ಮಾಡಿಸುವ ಯಜಮಾನರಿಗೆ ಗೊತ್ತುಂಟಾ, ಫಲ ಮಾತ್ರ ಬೇಕಲ್ಲ ಅಂತ ನಾನು ಕೇಳಿದೆ. ಆ ದಿನ ಕಾಫಿ ಬೇಗ ಮುಗಿಯಿತು.

ಇಡೀ ಬೀದಿಯಲ್ಲಿ ನನ್ನ ಮಾತು ನಂಬದವರು ಅವರೊಬ್ಬರೇ. ಆದ ಕಾರಣ ನಾನು ಹೆಚ್ಚು ಹೇಳಿದ್ದು ಅವರಿಗೇ.

ಟ್ಯಾಂಕಿ ಮಾತಾಡಿದ್ದು

ನಮ್ಮದು ಬಾವಿ ನೀರು. ಪಂಪು ಹಾಕಿದ ಹೆಂಡತಿಗೆ, ಟ್ಯಾಂಕಿ ತುಂಬಿ ಮೆಟ್ಟಿಲಲ್ಲಿ ನೀರು ಇಳಿದು ಬರುವ ತನಕ ಪಂಪಿನ ನೆನಪಿರುವುದಿಲ್ಲ. ಅದಕ್ಕೆ ಟ್ಯಾಂಕಿಯ ಬಾಯಿಗೆ ಎರಡು ತಂತಿ ಇಳಿಸಿದೆ. ನೀರು ತಂತಿಗೆ ತಾಗಿದ ಕೂಡಲೇ ತಾರಸಿಯ ಸ್ಪೀಕರಿನಲ್ಲಿ ನನ್ನದೇ ಧ್ವನಿ: "ಸಾಕು, ನಿಲ್ಲಿಸಿ." ಧ್ವನಿಗೆ ಗತ್ತು ಇರಲಿ ಅಂತ ಬಾವಿಗೆ ಬಗ್ಗಿ ರೆಕಾರ್ಡು ಮಾಡಿದ್ದೆ.

ಬೇಸಿಗೆ ಪೂರ್ತಿ ಚೆನ್ನಾಗಿ ನಡೆಯಿತು. ಮಳೆ ಶುರುವಾದ ವಾರ ಗಾಳಿಗೆ ಟ್ಯಾಂಕಿಯ ಮುಚ್ಚಳ ಹಾರಿತು, ಮಳೆ ನೀರು ನೇರ ತಂತಿಗೆ ಬಿತ್ತು. ಆ ಸಂಜೆ ಭಟ್ರ ಮನೆಯಲ್ಲಿ ಭಜನೆ. ಒಳ್ಳೆಯ ರಾಗದಲ್ಲಿ ಹೋಗುತ್ತಿರುವಾಗ ಆಕಾಶದಿಂದ ಗಂಭೀರವಾಗಿ "ಸಾಕು, ನಿಲ್ಲಿಸಿ" ಅಂತ ಕೇಳಿತು. ಮೊದಲು ತಬಲಾ ನಿಂತಿತು. ಎರಡನೆಯ ಸಲಕ್ಕೆ ಹಾರ್ಮೋನಿಯಂ ನಿಂತಿತು. ಮೂರನೆಯ ಸಲಕ್ಕೆ ಹಾಡುವವರು ಎದ್ದು ನಿಂತು, ನಮ್ಮಿಂದ ಎಂತಾದರೂ ಅಪಚಾರ ಆಯಿತಾ ಅಂತ ಭಟ್ರನ್ನು ಕೇಳಿದರಂತೆ.

ಭಟ್ರಿಗೆ ಧ್ವನಿಯ ಗುರುತು ಸಿಕ್ಕಿತು. ಕೊಡೆ ಹಿಡಿದುಕೊಂಡು ಗೋಡೆಯ ಹತ್ತಿರ ಬಂದರು.

"ನಿನ್ನ ಮಿಷನ್ ಸೋತಿತು ಮಾರಾಯ. ಒಮ್ಮೆ ಬಾಯಿ ಬಿಟ್ಟು ಹೇಳು, ಬಿಟ್ಟುಬಿಡ್ತೇನೆ."

ನಾನು ಯಾಕೆ ಹೇಳಲಿ? ಟ್ಯಾಂಕಿಗೆ ನೀರು ಬಂದದ್ದು ಹೌದು, ಬಂತು ಅಂತ ಮಿಷನ್ ಹೇಳಿದ್ದೂ ಹೌದು. ಭಜನೆಯವರು ತಮಗೇ ಹೇಳಿದ್ದು ಅಂತ ತಿಳಿದುಕೊಂಡರೆ ಅದು ಅವರ ಮನಸ್ಸಿನ ಸಂಗತಿ. ಭಟ್ರು ಕೊಡೆ ಮಡಚಿ ಒಳಗೆ ಹೋದರು.

ಭಜನೆಯವರಲ್ಲಿ ಇಬ್ಬರು ಮಾತ್ರ ನನ್ನ ಗೇಟಿನ ಎದುರು ನಿಂತು, ತಾರಸಿಗೆ ಕೈ ಮುಗಿದು ಹೋದರು. ಧ್ವನಿ ಯಾರದ್ದು ಅಂತ ಕೇಳುವಷ್ಟು ಪುರುಸೊತ್ತಿಲ್ಲ, ಅವರಿಗೆ ಪಂಪ್‌ವೆಲ್‌ನಲ್ಲಿ ಊರಿನ ಬಸ್ಸು ಹಿಡಿಯಲಿಕ್ಕಿತ್ತು.

ಕೆಮ್ಮಿದರೆ ತೆರೆಯುವ ಗೇಟು

ಎರಡು ಕೈಯಲ್ಲೂ ಸಾಮಾನಿದ್ದರೆ ಗೇಟು ತೆಗೆಯುವುದು ಹೇಗೆ? ಈ ಪ್ರಶ್ನೆಗೆ ದೊಡ್ಡ ದೊಡ್ಡ ಕಂಪನಿಯವರು ಉತ್ತರ ಹುಡುಕುತ್ತಿದ್ದಾಗ ನಾನು ಹಳೆ ವಾಷಿಂಗ್ ಮಿಷನ್ನಿನ ಮೋಟಾರು ಕೂರಿಸಿ ಮುಗಿಸಿದ್ದೆ. ಕೆಮ್ಮಿದರೆ ಗೇಟು ಸರಿಯುತ್ತದೆ. ಯಾರ ಕೆಮ್ಮಿಗೂ ಅಲ್ಲ, ಮನೆಯ ಯಜಮಾನನ ಕೆಮ್ಮಿಗೆ ಮಾತ್ರ. ಅದಕ್ಕಾಗಿ ಗೇಟಿನ ಮೈಕಿನ ಎದುರು ನಿಂತು ಒಂದು ಬೆಳಿಗ್ಗೆ ಪೂರ್ತಿ ಕೆಮ್ಮಿ ಮಿಷನ್ನಿಗೆ ಪಾಠ ಹೇಳಿದೆ.

ಭಟ್ರು ಕಾಫಿ ಲೋಟ ಹಿಡಿದು ನೋಡುತ್ತಿದ್ದರು. ಅವರಿಗೆ ಹೋಮದ ಹೊಗೆ ಕುಡಿದು ಕುಡಿದು ಮೊದಲಿನಿಂದಲೂ ಕೆಮ್ಮು. ನನ್ನದು ಮಾಡಿದ ಕೆಮ್ಮು, ಅವರದ್ದು ಒಳಗಿನಿಂದ ಬಂದದ್ದು. ಮಿಷನ್ನಿಗೆ ಅಸಲು ಯಾವುದು ಅಂತ ಗೊತ್ತಾಯಿತು. ಅದು ಅವರದ್ದನ್ನೇ ಹಿಡಿದುಕೊಂಡಿತು.

ಆಮೇಲೆ ಕತೆ ಹೀಗೆ: ಭಟ್ರು ಅವರ ಜಗಲಿಯಲ್ಲಿ ಕೆಮ್ಮಿದರೆ ನನ್ನ ಗೇಟು ತೆರೆಯುತ್ತದೆ. ನಾನು ಕೆಮ್ಮಿದರೆ ಕಲ್ಲಿನ ಹಾಗೆ ನಿಲ್ಲುತ್ತದೆ. ಒಂದು ದಿನ ಕಂಕನಾಡಿ ಮಾರ್ಕೆಟಿನಿಂದ ತರಕಾರಿ ಹೊತ್ತು ಬಂದಿದ್ದೆ. ಒಳಗಿನಿಂದ ಸ್ವಿಚ್ಚು ಒತ್ತಲಿಕ್ಕೆ ಹೆಂಡತಿಯೂ ಇಲ್ಲ, ತಂಗಿಯ ಮನೆಗೆ ಹೋಗಿದ್ದಳು. ಗಂಟಲು ಹರಿಯುವ ಹಾಗೆ ಕೆಮ್ಮಿದೆ, ಕೈಯಲ್ಲಿ ದೂಡಿದೆ, ಮೋಟಾರು ಹಿಡಿದ ಗೇಟು ಅಲ್ಲಾಡಲಿಲ್ಲ. ಕೊನೆಗೆ ಕರೆದೆ.

"ಭಟ್ರೇ, ಒಮ್ಮೆ ಕೆಮ್ಮಿ."

ಭಟ್ರು ಜಗಲಿಯಲ್ಲಿ ಕೂತಿದ್ದವರು ಅಲ್ಲಿಂದಲೇ ಹೇಳಿದರು.

"ಮಿಷನ್ ಸೋತಿತು ಅಂತ ಹೇಳು. ಕೆಮ್ಮುತ್ತೇನೆ."

ನಾನು ಹೇಳಲಿಲ್ಲ. ಅವರ ಅಂಗಳಕ್ಕೆ ಹೋಗಿ, ತರಕಾರಿ ಚೀಲ ಹೆಗಲಿಗೆ ಹಾಕಿ, ಗೋಡೆ ಹಾರಿದೆ. ಪ್ರಾಯದಲ್ಲಿ ನಾನು ಇದರ ನಾಲ್ಕು ಪಾಲು ಎತ್ತರದ ಗೋಡೆಯನ್ನು ಏಣಿ ಸಮೇತ ಹಾರಿದವನು. ಈ ಸಲ ನಾನು ಆಚೆ ಬಿದ್ದೆ, ಪಂಚೆ ಗೋಡೆಯ ಮೇಲೆ ಉಳಿಯಿತು. ಪಂಚೆ ಹೋದರೆ ಹೋಗಲಿ, ಮಾತು ಉಳಿಯಿತು ಅಂತ ಎದ್ದು ನಿಂತೆ.

ನನ್ನ ಅವಸ್ಥೆ ನೋಡಿ ಭಟ್ರಿಗೆ ನಗು ಬಂತು. ನಗು ಹೆಚ್ಚಾಗಿ ಕೆಮ್ಮಾಯಿತು. ಗೇಟು ಸಂಪೂರ್ಣ ತೆರೆಯಿತು. ಬೀದಿಯಲ್ಲಿ ಹೋಗುವವರೆಲ್ಲ ನಿಂತು ಒಳಗೆ ನೋಡಿದರು.

ಹಪ್ಪಳದ ಕಾವಲು

ಎಪ್ರಿಲ್ ಬಂತೆಂದರೆ ನನ್ನ ಹೆಂಡತಿ ಹಲಸಿನ ಹಪ್ಪಳ ಮಾಡಿ ತಾರಸಿಯಲ್ಲಿ ಒಣಗಲಿಕ್ಕೆ ಹಾಕುತ್ತಾಳೆ. ಕಾಗೆಗಳಿಗೆ ಅದು ಗೊತ್ತುಂಟು. ಕೋಲು ಹಿಡಿದು ಕೂತು ಕೂತು ಅವಳಿಗೆ ಸಾಕಾಯಿತು. ಮನೆಯಲ್ಲಿ ಇಷ್ಟು ಮಿಷನ್ ಉಂಟು, ಒಂದು ಕಾಗೆ ಓಡಿಸಲಿಕ್ಕೆ ಆಗುವುದಿಲ್ಲವಾ ಅಂತ ಕೇಳಿದಳು.

ಹಿಂದೊಮ್ಮೆ ತಂತಿಗೆ ಸಿಕ್ಕಿ ಒಂದು ಕಾಗೆ ಸತ್ತಾಗ, ಊರಿನ ಕಾಗೆಗಳೆಲ್ಲ ಸೇರಿ ಕೂಗಿದ್ದನ್ನು ನಾನು ಫೋನಿನಲ್ಲಿ ಹಿಡಿದಿಟ್ಟಿದ್ದೆ. ಕಂಕನಾಡಿಯಲ್ಲಿ ಬಿಡಿಭಾಗದ ಅಂಗಡಿ ಇಟ್ಟಿರುವ ಬ್ಯಾರಿ ಹಾಜಿಯವರಿಂದ ಒಂದು ಹಳೆ ಮೈಕಿನ ಹಾರ್ನ್ ತಂದೆ. ಯಾವ ಸಭೆಗೆ ಅಂತ ಅವರು ಕೇಳಿದರು. ಕಾಗೆಗೆ ಅಂದೆ. "ಅಣ್ಣ, ಮೊದಲು ಮನೆಯವರ ಕಿವಿಗೆ ಹತ್ತಿ ತೆಕ್ಕೊಳ್ಳಿ" ಅಂತ ಹೇಳಿ ಹಾರ್ನ್ ಕಟ್ಟಿ ಕೊಟ್ಟರು.

ತಾರಸಿಯಲ್ಲಿ ರೆಕ್ಕೆಯ ನೆರಳು ಕಂಡರೆ ಸಾಕು, ಹಾರ್ನಿನಿಂದ ಆ ಸಾವಿನ ಕೂಗು ಹೊರಡುತ್ತದೆ. ಒಂದೇ ವಾರ. ನಮ್ಮ ಬೀದಿಯ ಕಾಗೆಗಳು ಮೊದಲು ಹೋದವು, ಆಮೇಲೆ ಜೆಪ್ಪುವಿನ ಕಾಗೆಗಳು, ಆಮೇಲೆ ನೇತ್ರಾವತಿಯ ಈಚೆ ದಡದ್ದು ಎಲ್ಲ. ಸಾಲಾಗಿ ಸೇತುವೆ ದಾಟಿ ಉಳ್ಳಾಲಕ್ಕೆ ಹೋಗುವುದನ್ನು ನಾನೇ ಕಂಡಿದ್ದೇನೆ. ಕಾಗೆಯ ನೆನಪು ಏಳು ತಲೆಮಾರಿನದ್ದು, ಇನ್ನು ಅವುಗಳ ಮರಿಮಕ್ಕಳೂ ಬರಲಿಕ್ಕಿಲ್ಲ ಅಂತ ಭಟ್ರಿಗೆ ಹೇಳಿದೆ.

ಅವರಿಗೆ ಆಗ ಕೆಮ್ಮು ಜೋರಾಗಿತ್ತು. ಗೇಟು ದಿನವಿಡೀ ತೆರೆದು ಮುಚ್ಚಿ ಮಾಡುತ್ತಿತ್ತು.

"ಕಾಗೆಯನ್ನು ಓಡಿಸಬಾರದು ಮಾರಾಯ" ಅಂದರು. "ನೋಡ್ತಾ ಇರು, ಒಂದು ದಿನ ನಿನ್ನ ಹಾರ್ನಿನ ಮೇಲೆಯೇ ಬಂದು ಕೂರುತ್ತದೆ. ಸಾಯುವುದರೊಳಗೆ ನಿನ್ನ ಬಾಯಿಂದ 'ಸೋತಿತು' ಅಂತ ಒಮ್ಮೆ ಕೇಳಬೇಕು. ಬೇರೆ ಆಸೆ ಇಲ್ಲ ನನಗೆ."

"ಹಾಗಾದರೆ ನೀವು ಚಿರಂಜೀವಿ ಭಟ್ರೇ" ಅಂದೆ ನಾನು.

ಹಾರ್ನಿನ ಮೇಲೆ

ಜೂನಿನ ಒಂದು ಬೆಳಿಗ್ಗೆ ಜಗಲಿಯಲ್ಲಿ ಕೂತಿದ್ದೆ. ಎಂತದೋ ಸರಿ ಇಲ್ಲ ಅಂತ ಅನಿಸುತ್ತಿತ್ತು, ಎಂತ ಅಂತ ಗೊತ್ತಾಗುತ್ತಿರಲಿಲ್ಲ. ಮೋಟಾರು ನೋಡಿದೆ, ಸರಿ ಉಂಟು. ಮೈಕು ನೋಡಿದೆ, ಸರಿ ಉಂಟು. ಗೇಟು ಮಾತ್ರ ಬೆಳಗಿನಿಂದ ಒಮ್ಮೆಯೂ ತೆರೆದಿರಲಿಲ್ಲ. ಭಟ್ರ ಮಗ ಗೋಡೆಯ ಹತ್ತಿರ ಬಂದು ನಿಂತು ನನ್ನ ಮುಖ ನೋಡಿದ. ಅವನು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು.

ಉತ್ತರಕ್ರಿಯೆಯ ದಿನ ಮಳೆ ಬಿಟ್ಟಿತ್ತು. ಅವರ ಅಂಗಳದಲ್ಲಿ ಬಾಳೆ ಎಲೆ ಹಾಕಿ, ಅನ್ನ, ಪಾಯಸ, ಅವರಿಗೆ ಪ್ರೀತಿಯ ಪದಾರ್ಥಗಳನ್ನೆಲ್ಲ ಕಾಗೆಗೆ ಬಡಿಸಿದರು. ನನ್ನ ಹೆಂಡತಿಯ ಹಲಸಿನ ಹಪ್ಪಳವೂ ಇತ್ತು. ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ಹೋದವರಿಗೆ ತೃಪ್ತಿ, ಆಮೇಲೆ ಉಳಿದವರಿಗೆ ಊಟ. ಮುಟ್ಟದಿದ್ದರೆ ಏನೋ ಆಸೆ ಉಳಿದುಹೋಗಿದೆ ಅಂತ ಅರ್ಥ.

ಎಲ್ಲರೂ ಆಕಾಶ ನೋಡಿದರು. ಆಕಾಶದಲ್ಲಿ ಏನೂ ಇರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರ ಕಣ್ಣು ಆಕಾಶದಿಂದ ಇಳಿದು ನನ್ನ ತಾರಸಿಯ ಹಾರ್ನಿನ ಮೇಲೆ ನಿಂತಿತು. ಅಲ್ಲಿಂದ ನನ್ನ ಮೇಲೆ ಬಂತು.

ನಾನು ಯಾರಿಂದಲೂ ಹೇಳಿಸಿಕೊಳ್ಳಲಿಲ್ಲ. ತಾರಸಿಗೆ ಹೋಗಿ ಮಿಷನ್ನಿನ ಬ್ಯಾಟರಿ ಕಳಚಿ ಕಿಸೆಗೆ ಹಾಕಿಕೊಂಡು ಬಂದು ಕೂತೆ. ಆದರೂ ಕಾಗೆ ಬರಲಿಲ್ಲ. ಕಾಗೆಯ ನೆನಪಿನ ವಿಷಯದಲ್ಲಿ ನಾನು ಹೇಳಿದ್ದು ಸುಳ್ಳಲ್ಲ ಅಂತ ಆಗ ನನಗೇ ಬೇಸರವಾಯಿತು.

ಮಗ ಎಲೆಯ ಮುಂದೆ ನಿಂತು ದೇವಸ್ಥಾನದ ಪೂಜೆ ಬಿಡುವುದಿಲ್ಲ ಅಂತ ಹೇಳಿದ. ಬರಲಿಲ್ಲ. ಮಗಳು ಅಮ್ಮನನ್ನು ಚೆನ್ನಾಗಿ ನೋಡಿಕೊಳ್ತೇವೆ ಅಂದಳು. ಬರಲಿಲ್ಲ. ಭಟ್ರ ಭಾವ ಮುಂದೆ ಬಂದು, ತಲೆ ತಗ್ಗಿಸಿ, ಬೆಳ್ಳಿ ಹಿಡಿಯ ಕೊಡೆ ಕಳೆದುಹೋದದ್ದಲ್ಲ, ತಾನೇ ತೆಕ್ಕೊಂಡು ಹೋದದ್ದು, ನಾಳೆಯೇ ತಂದುಕೊಡ್ತೇನೆ ಅಂತ ಹೇಳಿದರು. ಮನೆಯವರಿಗೆಲ್ಲ ಹೊಸ ಸಂಗತಿ ಗೊತ್ತಾಯಿತು, ಕಾಗೆ ಮಾತ್ರ ಬರಲಿಲ್ಲ.

ನಾನು ಕಾಗೆಯ ಹಾಗೆ ಕೂಗಿಯೂ ನೋಡಿದೆ. ನನ್ನ ಕೂಗಿಗೆ ಹಿಂದೆ ಕಾಡಿನ ನವಿಲುಗಳೇ ಇಳಿದು ಬಂದದ್ದುಂಟು. ಆ ದಿನ ಮರದಲ್ಲಿದ್ದ ಒಂದು ಮೈನಾ ಹಕ್ಕಿಯೂ ಎದ್ದು ಹೋಯಿತು.

ಹೊತ್ತು ಏರಿತು. ಕ್ರಿಯೆ ಮಾಡಿಸುವ ಪುರೋಹಿತರು ಮೆಲ್ಲಗೆ, ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸುವ ಕ್ರಮವೂ ಉಂಟು ಅಂದರು. ಭಟ್ರ ಹೆಂಡತಿ ಬೆಳಗಿನಿಂದ ನೀರು ಸಹ ಮುಟ್ಟಿರಲಿಲ್ಲ. ಅವರು ಬೇಡ ಅಂತ ತಲೆ ಅಲ್ಲಾಡಿಸಿದರು. ಭಟ್ರು ಊರಿನವರ ಮನೆಗಳಲ್ಲಿ ಎಷ್ಟೋ ಕ್ರಿಯೆ ಮಾಡಿಸಿದವರು, ಎಲ್ಲಿಯೂ ಹುಲ್ಲಿನ ಕಾಗೆಯಲ್ಲಿ ಮುಗಿಸಿದವರಲ್ಲ, ಹಸಿದುಕೊಂಡು ಕಾದವರು. ಅವರಿಗೆ ಮಾತ್ರ ಹಾಗೆ ಮಾಡುವುದು ಹೇಗೆ ಅಂತ ಕೇಳಿದರು. ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ನೀವೊಮ್ಮೆ ಹೇಳಿ ನೋಡಿ" ಅಂದರು. "ಎಂತ ಹೇಳಬೇಕು ಅಂತ ನಿಮಗೆ ಗೊತ್ತುಂಟು."

ನನಗೆ ಗೊತ್ತಿತ್ತು. ಎಲೆಯ ಮುಂದೆ ಹೋಗಿ ನಿಂತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಗೋಡೆಯ ಮೇಲೆ ಭಟ್ರು ಕಾಫಿ ಲೋಟ ಇಡುತ್ತಿದ್ದ ಜಾಗವನ್ನು ನೋಡಿದೆ.

"ಭಟ್ರೇ, ಮಿಷನ್ ಸೋತಿತು. ಇನ್ನು ಊಟ ಮಾಡಿ."

ಎಲ್ಲಿಂದ ಬಂತು ಅಂತ ಯಾರಿಗೂ ಕಾಣಲಿಲ್ಲ. ಒಂದು ಕಾಗೆ, ಸ್ವಲ್ಪ ವಯಸ್ಸಾದದ್ದೇ, ಬಂದು ನೇರ ನನ್ನ ತಾರಸಿಯ ಹಾರ್ನಿನ ಮೇಲೆ ಕೂತಿತು. ಕತ್ತು ಓರೆ ಮಾಡಿ ನನ್ನನ್ನು ಚೆನ್ನಾಗಿ ನೋಡಿತು. ಅವಸರವೇ ಇಲ್ಲ ಅದಕ್ಕೆ. ಒಮ್ಮೆ ಕೂಗಿತು. ಆಮೇಲೆ ಗೋಡೆಗೆ ಇಳಿಯಿತು, ಗೋಡೆಯಿಂದ ಎಲೆಗೆ ಬಂತು. ಪಾಯಸ ಬಿಟ್ಟು ಮೊದಲು ನನ್ನ ಹೆಂಡತಿಯ ಹಪ್ಪಳ ಕಚ್ಚಿತು.

ಭಟ್ರ ಹೆಂಡತಿ ಅತ್ತರು, ನಕ್ಕರು, ಎಲ್ಲರಿಗೂ ಎಲೆ ಹಾಕಿ ಅಂತ ಮಗನಿಗೆ ಹೇಳಿದರು. ನಾನು ಪಂಕ್ತಿಯಲ್ಲಿ ಕೂತು ಊಟ ಮಾಡಿದೆ. ಎಷ್ಟು ಬಡಿಸಿದರೂ ಬೇಡ ಅನ್ನಲಿಲ್ಲ.

ಮನೆಗೆ ಬರುವಾಗ ಗೇಟು ಮುಚ್ಚಿತ್ತು. ಮೋಟಾರು ಬಿಚ್ಚಿಟ್ಟಾಗಿದೆ, ಈಗ ಅದನ್ನು ಕೈಯಲ್ಲೇ ತೆಗೆಯುವುದು. ಹೆಂಡತಿ ಗೇಟು ದೂಡುತ್ತಾ, ಅಂತೂ ಜೀವಮಾನದಲ್ಲಿ ನಿಮ್ಮ ಬಾಯಿಂದ ಒಂದಾದರೂ ಸತ್ಯ ಬಂತಲ್ಲ, ಅದಕ್ಕೇ ಕಾಗೆ ಬಂದದ್ದು ಅಂದಳು. ಬೀದಿಯವರು ಇಂದಿಗೂ ಹಾಗೆಯೇ ಹೇಳುತ್ತಾರೆ. ನಾನು ತಿದ್ದಲಿಕ್ಕೆ ಹೋಗುವುದಿಲ್ಲ.

ಆದರೆ ಓದುವವರಿಗೆ ಹೇಳಬೇಕಲ್ಲ. ನಾನು ಜೀವಮಾನದಲ್ಲಿ ಹೇಳಿದ ಸುಳ್ಳು ಅದೊಂದೇ. ಮಿಷನ್ ಸೋತಿರಲಿಲ್ಲ. ಬ್ಯಾಟರಿ ನನ್ನ ಕಿಸೆಯಲ್ಲಿತ್ತು.