ಮುಟ್ಟದೆ ಕೂಗಿದ ಬೆಲ್ಲುಗಳು

ವೈರ್ ಇಲ್ಲದ ಬೆಲ್ಲು, ಅಲಾರಂ ರಿಪೇರಿ ಮಾಡುವ ನನಗೆ ನಗು ತರುವ ಕೇಸುಗಳಿಗೆ ಬರವಿಲ್ಲ. ಆದರೆ ನಗು ಬರುವುದು ಮನೆ ಸೇರಿದ ಮೇಲೆ, ಅಲ್ಲಿವರೆಗೆ ಬರೀ ಹೆದರಿಕೆ. ನಾನು ಹುಟ್ಟು ಪುಕ್ಕಲ, ಮುಚ್ಚಿಡುವುದೇನಿದೆ.

೧. ನಾಲ್ಕು ಗಂಟೆಯ ಅತಿಥಿ

ಗಾಳಿಬೀಡಿನ ಮನೆಯೊಂದರಲ್ಲಿ ದಿನಾ ಸಂಜೆ ನಾಲ್ಕಕ್ಕೆ ಸರಿಯಾಗಿ ಬೆಲ್ಲು ತಾನಾಗಿ ಹೊಡೆದುಕೊಳ್ಳುತ್ತಿತ್ತು. ಬಾಗಿಲು ತೆರೆದರೆ ಯಾರೂ ಇಲ್ಲ. ಮಾವ ತೀರಿಕೊಂಡು ತಿಂಗಳಾಗಿತ್ತು. ಸೊಸೆ ಹೆದರಿ ಹೊಸ್ತಿಲಲ್ಲಿ ಕಾಫಿ ಇಡಲು ಶುರುಮಾಡಿದ್ದರು. ಆ ಲೋಟ ದಾಟಲು ನಾನೂ ಹಿಂದೆಮುಂದೆ ನೋಡಿದೆ.

ಕಡೆಗೆ ನೋಡಿದರೆ ಪಕ್ಕದ ಮನೆಯಲ್ಲೂ ಅದೇ ಬೆಲ್ಲು, ಅದೇ ಕೋಡ್. ಅವರ ಮಕ್ಕಳು ಶಾಲೆಯಿಂದ ಬಂದು ಒತ್ತಿದರೆ ಎರಡೂ ಮನೆಯಲ್ಲಿ ಕೂಗುತ್ತಿತ್ತು.

ಅತ್ತೆ ಮಾತ್ರ ನಿಶ್ಚಿಂತೆಯಾಗಿದ್ದರು. "ಅವ್ರಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಬದುಕಿದ್ದಾಗ ಒಂದಿನಾನೂ ಹೊತ್ತಿಗೆ ಸರಿಯಾಗಿ ಮನೆಗೆ ಬಂದೋರಲ್ಲ."

೨. ಎಂಟು ಗಂಟೆಯ ಆನೆ

ತಿತಿಮತಿಯ ಕಾಫಿ ತೋಟವೊಂದಕ್ಕೆ ಆನೆ ಅಲಾರಂ ಹಾಕಿಕೊಟ್ಟಿದ್ದೆ. ಕಾಡಂಚಿನಲ್ಲಿ ಸೆನ್ಸರ್, ಕೂಲಿಯವರ ಲೈನ್‌ಮನೆ ಪಕ್ಕ, ತೋಟದ ಲೆಕ್ಕ ಬರೆಯುವ ರೈಟರ್ ಮನೆಯಲ್ಲಿ ಅಲಾರಂ. ಅದು ದಿನಾ ಬೆಳಿಗ್ಗೆ ಎಂಟಕ್ಕೆ ಕೂಗುತ್ತಿತ್ತು. ಹಣ್ಣು ಕುಯ್ಯಲು ಹೊರಟವರೆಲ್ಲ ಚೀಲ ಬಿಸಾಡಿ ಓಡುತ್ತಿದ್ದರು. ನೋಡಿದರೆ ಆನೆಯ ಹೆಜ್ಜೆ ಒಂದೂ ಇಲ್ಲ. ನನಗೋ ಬೇರೆಯೇ ಹೆದರಿಕೆ. ಹೀಗೇ ಸುಳ್ಳು ಕೂಗಿದರೆ ಒಂದು ದಿನ ಯಾರೂ ಓಡುವುದಿಲ್ಲ, ನಿಜವಾದ ಆನೆ ಆವತ್ತೇ ಬಂದರೆ?

ಹೋಗಿ ಕಾದೆ. ಎಂಟಕ್ಕೆ ಸಾಹುಕಾರರ ಜೀಪು ಬಂತು. ಅವರು ಹೊಸ ಗೇಟಿನ ರಿಮೋಟ್ ಒತ್ತಿದರು, ಅಲಾರಂ ಕೂಗಿತು. ಇಲ್ಲೂ ಎರಡಕ್ಕೂ ಒಂದೇ ಕೋಡ್. ಒಂದು ವಾರದಿಂದ ಜನ ಓಡುತ್ತಿದ್ದದ್ದು ಸಾಹುಕಾರರಿಗೆ ಹೆದರಿ.

ಸರಿಮಾಡಿಕೊಡುತ್ತೇನೆ ಎಂದರೆ, ಕುಯ್ಯುವ ಹೆಂಗಸೊಬ್ಬಳು ಮೆಲ್ಲಗೆ ಅಂದಳು, "ಹಂಗೇ ಇರ್ಲಿ ಅಣ್ಣ. ಆನೆ ಅಪರೂಪಕ್ಕೆ ಬರ್ತದೆ, ಸಾಹುಕಾರ್ರು ದಿನಾ ಬರ್ತಾರೆ."

೩. ಕೈ ಎತ್ತುವ ಮೊದಲು

ಆದರೂ ಕೋಡ್ ಬದಲಿಸಿದೆ. ಪರೀಕ್ಷೆ ಮಾಡಬೇಕಲ್ಲ? ರೈಟರ್ ಅಲಾರಂ ಪಕ್ಕ ಕೂತರು. ನಾನೊಬ್ಬನೇ ಆನೆ ಕಂದಕದ ಹತ್ತಿರ, ಸೆನ್ಸರಿನ ಹಿಂದೆ ನಿಂತು ಫೋನ್ ಮಾಡಿದೆ.

"ನಾನೀಗ ಇದರ ಮುಂದೆ ಕೈ ಆಡಿಸ್ತೇನೆ. ಕೂಗಿದ್ರೆ ಹೇಳಿ."

"ಕೂಗ್ತಾ ಉಂಟು. ಭೇಷ್!"

"ನಾನಿನ್ನೂ ಕೈ ಎತ್ತಿಲ್ಲ ಮಾರಾಯ್ರೆ! ಗೇಟ್ ಹತ್ರ ಯಾರಾದ್ರೂ ಇದ್ದಾರಾ?"

"ಗೇಟಲ್ಲಿ ಯಾರೂ ಇಲ್ಲ."

ಕಂದಕದಾಚೆ ಬಿದಿರು ಮುರಿದ ಸದ್ದಾಯಿತು. ನಾನು ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ. ರೈಟರ್ ಮನೆಗೆ ಬಂದರೆ ಬಾಗಿಲಿಗೆ ಒಳಗಿಂದ ಚಿಲಕ. ಎರಡೂ ಕೈಯಲ್ಲಿ ಬಡಿದೆ.

"ಯಾರು?"

"ನಾನು! ಬಾಗಿಲು ತೆಗೀರಿ!"

ರೈಟರ್ ಒಳಗಿಂದಲೇ ಅಂದರು, "ಹೆಂಗೂ ಹೊರಗೇ ಇದ್ದೀರಲ್ಲ, ಆನೆ ಎಲ್ಲಿವರೆಗೆ ಬಂತು ಅಂತ ಒಂದ್ಸಲ ತಿರುಗಿ ನೋಡಿ ಹೇಳಿ. ಆಮೇಲೆ ತೆಗೀತೇನೆ."