ತಂಗಿ ಹಾಡಿದ ಬಾರಿನಲ್ಲಿ ನಾನು ಎತ್ತದ ಕೈ

ಬಾರಿನಲ್ಲಿ ನೆಂಟರು ಎದುರಾದರೆ ಏನು ಮಾಡಬೇಕೆಂದು ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ. ಹೇಳಿಕೊಡುತ್ತಾರೇನೋ, ನಾನು ಏಳನೇ ಕ್ಲಾಸಿಗೇ ಬಿಟ್ಟವನು. ಆದರೆ ನಮ್ಮ ಕಡೆಯ ಗಂಡಸರಲ್ಲಿ ಒಂದು ಒಪ್ಪಂದವಿದೆ. ನಾನು ನಿನ್ನನ್ನು ನೋಡಿಲ್ಲ, ನೀನು ನನ್ನನ್ನು ನೋಡಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮುರಿದದ್ದೂ ಇಲ್ಲ. ಮೂಡಲಪಾಳ್ಯದಲ್ಲಿ ಆಟೋ ಸೀಟು ಹೊಲಿಯುವ ಅಂಗಡಿ ಇಟ್ಟುಕೊಂಡು, ಶನಿವಾರ ಮಾಗಡಿ ರಸ್ತೆಯ ಬಾರಿನಲ್ಲಿ ಕೂತು, ನಾನು ಮರ್ಯಾದಸ್ಥನಾಗಿ ಉಳಿದಿರುವುದು ಈ ಒಪ್ಪಂದದಿಂದಲೇ.

ನನ್ನ ತಂಗಿ ಸುಮಾ ಮೂವರು ಗೆಳತಿಯರ ಜೊತೆ ಬ್ಯಾಂಡ್ ಕಟ್ಟಿದ್ದಾಳೆ. ಗಿಟಾರ್ ಹಿಡಿದು ಮುಂದೆ ನಿಂತು ಹಾಡುವವಳು ಅವಳೇ. ಭಾನುವಾರ ಸಂಜೆ ರಾಜಾಜಿನಗರದ ಪುಟ್ಟ ಬಾರೊಂದರಲ್ಲಿ ಹಾಡುತ್ತೇನೆಂದು ಅಮ್ಮನಿಗೆ ತಿಳಿಯದಂತೆ ನನಗೊಬ್ಬನಿಗೇ ಹೇಳಿದಳು. ಬಾರು ಹೆಣ್ಣುಮಕ್ಕಳು ಹೋಗುವ ಜಾಗವಲ್ಲ, ಅಲ್ಲಿ ಎಂಥೆಂಥವರೋ ಬರುತ್ತಾರೆ ಎಂದು ಪಿಸುದನಿಯಲ್ಲೇ ಭಾಷಣ ಮಾಡಿದೆ.

"ಎಂಥವ್ರು ಬರ್ತಾರೆ ಅಂತ ನಿಂಗೆ ಚೆನ್ನಾಗ್ ಗೊತ್ತಲ್ಲ. ನಮ್ಮನೆಯಿಂದ ಒಬ್ರಾದ್ರೂ ಬಂದು ಕೇಳ್ಲಿ ಅಂತ ಆಸೆ ಕಣೋ. ಬಾ," ಎಂದಳು. ಬರ್ತೀನಿ ಎಂದೆ.

ಹೋದೆ. ಕೂತೆ. ಪಕ್ಕದ ಟೇಬಲ್ ನೋಡಿದರೆ ನಮ್ಮ ಸೋದರಮಾವ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಮುಂದೆ ಬಿಯರ್. ಮದುವೆಮನೆಯಲ್ಲಿ ಹುಡುಗಿಯರು ಜೋರಾಗಿ ನಕ್ಕರೆ ಕೆಮ್ಮಿ ಎಚ್ಚರಿಸುವ ಮನುಷ್ಯ. ನಾನು ಒಪ್ಪಂದದ ಪ್ರಕಾರ ಮೆನು ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿದೆ.

ಹಾಡುಗಳೆಲ್ಲ ಅವಳೇ ಬರೆದವು. ಒಂದು ಹಾಡು ಉಲ್ಲಾಳದ ಬಸ್ಸಿನಲ್ಲಿ ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಲ್ಲುವುದರ ಬಗ್ಗೆ. ಇನ್ನೊಂದು ಬಾಗಿಲಲ್ಲಿ ನಿಂತು "ಎಲ್ಲಿಗೆ, ಯಾರ ಜೊತೆ, ಎಷ್ಟೊತ್ತಿಗೆ" ಎಂದು ಕೇಳುವ ಒಬ್ಬನ ಬಗ್ಗೆ. ಇಡೀ ಬಾರು ನಗುತ್ತಾ ಆ ಸಾಲನ್ನೇ ತಿರುಗಿಸಿ ಹಾಡಿತು. ನಾನು ಗೋಬಿ ಮಂಚೂರಿಯ ಸಾಲನ್ನೇ ಮತ್ತೆ ಮತ್ತೆ ಓದಿದೆ.

ಕೊನೆಯ ಹಾಡಿಗೆ ಮುಂಚೆ ಮೈಕಿನಲ್ಲಿ ಕೇಳಿದಳು. "ನಮ್ಮನೆಯವ್ರು ಯಾರಾದ್ರೂ ಇದೀರಾ? ಕೈ ಎತ್ತಿ. ಈ ಹಾಡು ನಿಮ್ಗೆ."

ನನ್ನ ಕೈ ಕಾರ್ಡಿಗೆ ಅಂಟಿಕೊಂಡಿತ್ತು.

"ನಾನಿದೀನಿ ಕಣಮ್ಮ, ಮಾವ," ಎಂದಿತು ಪಕ್ಕದ ಟೇಬಲ್. ಮಾವ ಬಿಯರ್ ಮಗ್ಗಿನ ಸಮೇತ ಕೈ ಎತ್ತಿದ್ದರು. "ಏನ್ ಚೆನ್ನಾಗ್ ಹಾಡ್ತೀಯೇ. ಎಲ್ಲಿ, ನಿಮ್ಮಣ್ಣ ಬಂದಿಲ್ವಾ?"

ಸುಮಾಳ ಕಣ್ಣು ನೇರವಾಗಿ ನನ್ನ ಕಾರ್ಡಿನ ಮೇಲೆ ಬಂದು ನಿಂತಿತು. ಕಾರ್ಡಿನ ಕೆಳಗೆ ಕಾಣುತ್ತಿದ್ದ ಅಂಗಿ ಅವಳೇ ಕೊಡಿಸಿದ್ದು.

"ಬರ್ತೀನಿ ಅಂದಿದ್ದ ಮಾವ. ಅಂಗಡೀಲಿ ಕೆಲ್ಸ ಇರ್ಬೇಕು," ಎಂದು ಹಾಡು ಶುರುಮಾಡಿದಳು.

ಮಾರನೆಯ ದಿನ ಊಟಕ್ಕೆ ಕೂತಾಗ ರೊಟ್ಟಿ ಹಾಕುತ್ತಾ ಅಮ್ಮ ಹೇಳಿದಳು. "ನಿಮ್ಮ ಮಾವ ಫೋನ್ ಮಾಡಿದ್ದ. ಇವಳ ಹಾಡು ಕೇಳಿ ಕಣ್ಣಲ್ಲಿ ನೀರು ಬಂತಂತೆ. ಬಾರಾದ್ರೇನು, ಅವನೇ ಕೂತು ಕೇಳಿದಾನಲ್ಲ. ಇರೋನೊಬ್ಬ ಅಣ್ಣ, ನೀನೂ ಒಂದ್ಸಲ ಹೋಗ್ಬಾರ್ದೇನೋ?"

ಸುಮಾ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಷ್ಟೂ ಹಾಡು ಕೇಳಿ ಬಂದಿದ್ದ ನಾನು, "ಪುರುಸೊತ್ತಾದಾಗ ನೋಡೋಣಮ್ಮ," ಎಂದೆ.